ಹೊಸ ಕಿರಂಗೂರಿನ ಉಗ್ರಾಣ

ಕಿರಂಗೂರು
೧೮-೨-೨೦೨೬, ಬುಧವಾರ ಮಧ್ಯಾಹ್ನ

ನನ್ನ ಮುದ್ದು ಹರ್ಷಿತಾ,

ಕಾಲಿನ ಬೊಬ್ಬೆ ಒಣಗಿತೇ? ಹೊಸ ಬೂಟು ಹಿಮ್ಮಡಿ ಕಚ್ಚುತ್ತದೆ ಎಂದಿದ್ದೆ. ಒಳಗಡೆ ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿ ಬೆಳಗಿನವರೆಗೆ ಬಿಡು, ತೊಗಲು ಮೆತ್ತಗಾಗುತ್ತದೆ. ಅಲ್ಲಿಯ ಮುದ್ದೆ ಗಂಟುಗಂಟಾಗಿರುತ್ತದೆ ಎಂದು ನೀನು ಹೇಳಿದ್ದೇ ತಡ, ನಿಮ್ಮಜ್ಜಿ ಚಲುವಮ್ಮ ತಾನು ಕಂಡೇ ಇರದ ಆ ಅಡುಗೆಯವರನ್ನು ಮೂರು ದಿನದಿಂದ ಬೈಯುತ್ತಿದ್ದಾಳೆ. ನಿನ್ನ ಟ್ರೈನಿಂಗಿನವರು ಒಪ್ಪಿದರೆ ತಾನೇ ಬಂದು ತಿರುವಿಕೊಡುತ್ತಾಳಂತೆ. ನಾವೆಲ್ಲ ಇಲ್ಲಿ ಆರೋಗ್ಯ. ಶಿವರಾತ್ರಿ ಕಳೆಯಿತು, ಚಳಿ ಹೋಯಿತು, ಚಳಿಯ ಜೊತೆ ನನ್ನ ಮಂಡಿನೋವೂ ಅರ್ಧ ಹೋಯಿತು. ನಿಮ್ಮಮ್ಮ ನಿನ್ನ ಯೂನಿಫಾರಂ ಫೋಟೋವನ್ನು ಬೀರುವಿನ ಬಾಗಿಲ ಒಳಗಡೆ ಅಂಟಿಸಿಕೊಂಡಿದ್ದಾಳೆ. ಸೀರೆ ತೆಗೆಯುವ ನೆಪದಲ್ಲಿ ದಿನಕ್ಕೆ ಹತ್ತು ಸಲ ಬೀರು ತೆರೆಯುತ್ತಾಳೆ.

ಭಾನುವಾರ ನಿನ್ನ ಕೈಗೆ ಫೋನು ಸಿಗುವುದು ಅರ್ಧ ಗಂಟೆ. ಅದರಲ್ಲಿ ಕಾಲು ಗಂಟೆ ನಿಮ್ಮಜ್ಜಿ ಅಳುತ್ತಾಳೆ, ಉಳಿದ ಕಾಲು ಗಂಟೆ ನೀನು ಅವಳನ್ನು ಸಮಾಧಾನ ಮಾಡುತ್ತೀಯ. ನನ್ನ ಪಾಲಿಗೆ ಬರುವುದು ‘ಊರು ಹೇಗಿದೆ ತಾತ’, ‘ಚೆನ್ನಾಗಿದೆ’ ಎಂಬ ಎರಡು ಮಾತು. ಊರು ಅಂದರೆ ಈ ಕಿರಂಗೂರಲ್ಲ, ನಿನ್ನ ಹಳೇ ಫೋನಿನ ಆಟದಲ್ಲಿ ನೀನು ಕಟ್ಟಿ ನನ್ನ ವಶಕ್ಕೆ ಕೊಟ್ಟುಹೋದ ಹೊಸ ಕಿರಂಗೂರು. ಕಳೆದ ಭಾನುವಾರ ಮಾತ್ರ ನೀನು ಬೇರೆ ಮಾತು ಹೇಳಿದೆ. “ಅಪ್ಪ ಇನ್ನೂ ಮಾತಾಡಲ್ಲ ಅಂದ್ರೆ ನಂಗೆ ಈ ಕೆಲ್ಸಾನೇ ಬ್ಯಾಡ ತಾತ. ಇನ್ನೊಂದ್ ವಾರ ನೋಡ್ತೀನಿ. ಸೋಮವಾರ ಬರ್ಕೊಟ್ಟು ಬಂದ್ಬುಡ್ತೀನಿ.” ಫೋನಿನಲ್ಲಿ ನಾನು ಏನೂ ಹೇಳಲಿಲ್ಲ, ಏಕೆಂದರೆ ನಿಮ್ಮಜ್ಜಿ ಪಕ್ಕದಲ್ಲೇ ಕಿವಿಗೊಟ್ಟು ಕೂತಿದ್ದಳು. ಈಗ ಹೇಳುತ್ತೇನೆ. ನೀನು ಬರೆದುಕೊಡುವುದಿಲ್ಲ. ಯಾಕೆ ಎನ್ನುವುದಕ್ಕೆ ಮುಂಚೆ ಹೊಸ ಕಿರಂಗೂರಿನ ಸಮಾಚಾರ ಪೂರ್ತಿ ಹೇಳಬೇಕು, ಅದರಲ್ಲಿ ನನ್ನದೊಂದು ತಪ್ಪೊಪ್ಪಿಗೆಯೂ ಇದೆ. ನಡುವೆ ಬಿಟ್ಟು ಕೊನೆಗೆ ಹಾರಬೇಡ. ಚಿಕ್ಕಂದಿನಿಂದಲೂ ನಿನಗೆ ಆ ಚಟ.

ನಿಮ್ಮಪ್ಪನ ಕೋಪದಲ್ಲಿ ಅರ್ಧ ನನಗೂ ಸೇರಿದ್ದು, ಅದನ್ನು ನಾನು ಮರೆತಿಲ್ಲ. ನೀನು ಅರ್ಜಿ ಹಾಕಿದ್ದು, ಓಟದ ಪರೀಕ್ಷೆ ಮುಗಿಸಿ ಬಂದದ್ದು ಎಲ್ಲಾ ನನಗೆ ಗೊತ್ತಿತ್ತು. ಅವನಿಗೆ ನಾವಿಬ್ಬರೂ ಹೇಳಲಿಲ್ಲ. ನಾಗಮಂಗಲದವರ ಬಾಗಿಲಿಗೆ ಹತ್ತರಿ ಹಿಡಿದು ನುಣುಪು ಮಾಡುತ್ತಿದ್ದವನ ಮುಂದೆ ನಮ್ಮ ಬೀದಿಯ ಪುಟ್ಟಸ್ವಾಮಿ ಬಂದು, ನಿಮ್ಮ ಮಗಳು ಪೊಲೀಸ್ ಆದಳಂತಲ್ಲ, ಸ್ವೀಟ್ ಎಲ್ಲಿ ಎಂದು ಕೇಳಿದನಲ್ಲ, ಅಲ್ಲಿ ಪೆಟ್ಟು ಬಿತ್ತು. “ನನ್ ಮಗಳ ಸುದ್ದಿ ಬೀದಿಯವರು ನಂಗೆ ಯೋಳ್ಬೇಕಾ” ಎಂದು ಒಂದೇ ಮಾತು ಆಡಿದ. ಅವತ್ತಿನಿಂದ ನಿನ್ನ ಜೊತೆಗೂ ಇಲ್ಲ, ನನ್ನ ಜೊತೆಗೂ ಇಲ್ಲ. ನೀನು ಹೋದ ಹೊಸದರಲ್ಲಿ ಮೂರು ಭಾನುವಾರ ಅವನಿಗೆ ಫೋನು ಮಾಡಿದೆ, ಅದು ಬಡಿದುಕೊಂಡು ಸುಮ್ಮನಾಯಿತು. ನಾವು ಒಂದೇ ಮನೆಯಲ್ಲಿ, ಒಂದೇ ಸಾಲಿನಲ್ಲಿ ಊಟಕ್ಕೆ ಕೂರುವವರು. ನಮ್ಮ ಮಾತೆಲ್ಲ ನಿಮ್ಮಜ್ಜಿಯ ಮೂಲಕ. “ಅವ್ವ, ಅವ್ರಿಗೆ ಯೋಳು, ನಾಳೆ ಪಾಂಡವಪುರಕ್ಕೆ ಕಿಟಕಿ ಕೂರ್ಸಕ್ಕೆ ವೋಯ್ತೀನಿ ಅಂತ” ಎನ್ನುತ್ತಾನೆ. ನಾನು ಮೂರಡಿ ದೂರದಲ್ಲಿರುತ್ತೇನೆ. ನಿಮ್ಮಜ್ಜಿ ಅದನ್ನೇ ಮತ್ತೆ ನನಗೆ ಹೇಳುತ್ತಾಳೆ, ಅವಳಿಗೆ ಇದರಲ್ಲಿ ಒಳಗೊಳಗೇ ಖುಷಿ ಇದೆ ಎಂದು ನನ್ನ ಅನುಮಾನ. ಮನೆಯ ಯಾವ ಮಾತೂ ಈಗ ಅವಳನ್ನು ದಾಟಿ ಹೋಗುವಂತಿಲ್ಲವಲ್ಲ.

ಈಗ ಊರಿನ ವಿಷಯ. ನೀನು ಕೊಟ್ಟುಹೋದಾಗ ಅದು ಹೇಗಿತ್ತು ಎಂದು ಹೇಳುತ್ತೇನೆ, ಸಿಟ್ಟಾಗಬೇಡ. ದೇವಸ್ಥಾನ ಜೋರು, ನಾಟಕಶಾಲೆ ಜೋರು, ಹಡಗುಕಟ್ಟೆಯ ಮುಂದೆ ಕಲ್ಲಿನ ಸಿಂಹ ಬೇರೆ. ಉಗ್ರಾಣ ಮಾತ್ರ ಕೋಳಿಗೂಡು. ಶ್ರೀರಂಗಪಟ್ಟಣದ ಬಸ್ ಸ್ಟ್ಯಾಂಡಿನ ಹತ್ತಿರ ಮೊಬೈಲ್ ರಿಪೇರಿ ಮಾಡುವ ಹಫೀಜ್ ಇದ್ದಾನಲ್ಲ, ಅವನ ಅಂಗಡಿಯ ಸ್ಟೂಲಿನ ಮೇಲೆ ನಾಲ್ಕು ಬೆಳಿಗ್ಗೆ ಕೂತು ಆಟ ಕಲಿತೆ. ಎರಡೂವರೆ ಸಾವಿರ ವರ್ಷದ ಹಿಂದಿನ ಗ್ರೀಕರ ಊರಂತೆ. ಮರ ಕಡಿಯುವ ಬಿಡಾರ, ಕಲ್ಲುಗಣಿ, ಬೆಳ್ಳಿಗಣಿ, ಈ ಮೂರರಿಂದ ಗಂಟೆಗಿಷ್ಟು ಎಂದು ಹುಟ್ಟುವಳಿ ಬರುತ್ತದೆ. ಬಂದದ್ದು ಉಗ್ರಾಣಕ್ಕೆ. ಉಗ್ರಾಣ ತುಂಬಿದ ಮೇಲೆ ಬಂದದ್ದು ಎಲ್ಲಿಗೂ ಇಲ್ಲ, ಹಾಗೇ ನಷ್ಟ. ನೀನು ತಿಂಗಳುಗಟ್ಟಲೆ ಮೂರು ಗಣಿ ದುಡಿಸಿ, ಅದರಲ್ಲಿ ಮುಕ್ಕಾಲು ಪಾಲು ಸಮುದ್ರಕ್ಕೆ ಸುರಿದಿದ್ದೀಯ ಕಣಮ್ಮಾ. ಸಿಂಹ ನೋಡಿಕೊಂಡು ಕೂತಿದ್ದೆ ಅಂತ ಕಾಣುತ್ತದೆ.

ಉಗ್ರಾಣ ಕಟ್ಟುವುದನ್ನು ನನಗೆ ಗ್ರೀಕರು ಹೇಳಿಕೊಡಬೇಕಾಗಿಲ್ಲ. ಪಾಲಹಳ್ಳಿಯ ಮುದ್ದಯ್ಯನವರ ಮನೆಗೆ ನಮ್ಮಪ್ಪನೂ ನಾನೂ ಸೇರಿ ಹಲಸಿನ ಮರದ ಕಣಜ ಕಟ್ಟಿದಾಗ ನನಗೆ ಹತ್ತೊಂಬತ್ತು ವರ್ಷ. ಇವತ್ತಿಗೂ ಅದರೊಳಗೆ ಒಂದು ಇಲಿ ಕಾಲಿಟ್ಟಿಲ್ಲ, ಬೇಕಾದರೆ ಹೋಗಿ ಕೇಳು. ಹೊಸ ಕಿರಂಗೂರಿನಲ್ಲಿ ಸಿಂಹದ ಕೆಲಸ ನಿಲ್ಲಿಸಿ, ಇದ್ದ ಮರ ಕಲ್ಲೆಲ್ಲ ಉಗ್ರಾಣಕ್ಕೇ ಹಾಕಿದೆ. ಆಮೇಲೆ ಹೊಲ ದೊಡ್ಡದು ಮಾಡಿದೆ, ಹೊಲ ಇಲ್ಲದೆ ಜನ ಇಲ್ಲ, ಜನ ಇಲ್ಲದೆ ಗಣಿಗೆ ಆಳಿಲ್ಲ. ಸಂಕ್ರಾಂತಿಯ ಹೊತ್ತಿಗೆ ಉಗ್ರಾಣ ನೀನು ಬಿಟ್ಟುಹೋದದ್ದರ ಆರರಷ್ಟು. ಒಂದು ವಿಷಯ ಮಾತ್ರ ನನಗೆ ಇವತ್ತಿಗೂ ಸರಿಬಂದಿಲ್ಲ. ಆ ಚಿತ್ರದಲ್ಲಿ ಹಸಿ ಹಲಗೆಯನ್ನು ಒಂದರ ಮೇಲೊಂದು ಒತ್ತಿ ಪೇರಿಸಿದ್ದಾರೆ, ನಡುವೆ ಗಾಳಿಯಾಡಲು ಒಂದು ಪಟ್ಟಿಯನ್ನೂ ಇಟ್ಟಿಲ್ಲ. ಹಾಗೆ ಇಟ್ಟರೆ ಮೂರೇ ತಿಂಗಳಿಗೆ ಹಲಗೆ ಸೊಟ್ಟಗಾಗುತ್ತದೆ. ಆಟ ಮಾಡಿದವರಿಗೆ ಬರೆಯೋಣ ಎಂದರೆ ಹಫೀಜ್ ನಕ್ಕುಬಿಟ್ಟ.

ಇನ್ನೊಂದು ಕೆಲಸ ಮಾಡಿದೆ, ಅದಕ್ಕೂ ಹಫೀಜ್ ನಕ್ಕಿದ್ದ. ಆ ಆಟದಲ್ಲಿ ನೆಲದಡಿ ಒಂದು ಗುಂಡಿ ಕಟ್ಟಬಹುದು, ಅದರೊಳಗೆ ಇಟ್ಟದ್ದು ಲೂಟಿಗೆ ಬರುವ ಬೇರೆ ಆಟಗಾರರ ಕಣ್ಣಿಗೆ ಬೀಳುವುದಿಲ್ಲ. “ಅದ್ಕೆ ಪಾಯಿಂಟ್ ಬರಲ್ಲ ತಾತ, ಯಾರೂ ಕಟ್ಟಲ್ಲ” ಎಂದ. ಪಾಯಿಂಟು ಯಾರಿಗೆ ಬೇಕು? ನನಗೆ ನೋಡಿದ ತಕ್ಷಣ ಮುದ್ದಯ್ಯನವರ ಅಂಗಳದ ಹಗೇವು ನೆನಪಾಯಿತು. ಬಾವಿಯಂಥ ಗುಂಡಿ ತೋಡಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುತ್ತಿದ್ದರು. ಮಕ್ಕಳು ಅದರ ಮೇಲೆ ಕುಂಟೆಬಿಲ್ಲೆ ಆಡುತ್ತಿದ್ದರು, ಕೆಳಗೆ ಮೂರು ವರ್ಷದ ಅನ್ನ ಇದೆ ಎಂದು ಹೊರಗಿನವರಿಗೆ ಗೊತ್ತೇ ಆಗುತ್ತಿರಲಿಲ್ಲ. ನಾನೂ ಹಗೇವು ತೋಡಿಸಿ, ಬಂದ ಬೆಳ್ಳಿಯಲ್ಲಿ ಅರ್ಧ ದಿನಾ ಅದಕ್ಕೆ ಇಳಿಸುತ್ತಾ ಬಂದೆ.

ಈಗ ತಪ್ಪೊಪ್ಪಿಗೆ. ನಮ್ಮ ಮನೆಯಲ್ಲಿ ಅಮಾವಾಸ್ಯೆ ದಿನ ಯಾರೂ ಉಳಿ ಮುಟ್ಟುವುದಿಲ್ಲ, ನಿನಗೆ ಗೊತ್ತೇ ಇದೆ. ನಮ್ಮ ತಾತನೂ ಮುಟ್ಟಲಿಲ್ಲ, ನಾನೂ ಮುಟ್ಟಿದವನಲ್ಲ, ಎಂಥ ಅವಸರದ ಗಿರಾಕಿ ಬಂದರೂ ನಿಮ್ಮಪ್ಪನೂ ಮೆಷಿನು ಹಾಕುವುದಿಲ್ಲ. ಸಾಮಾನು ತೊಳೆದು, ಅರಿಶಿನ ಕುಂಕುಮ ಇಟ್ಟು, ಕೈಕಟ್ಟಿ ಕೂರುವ ದಿನ ಅದು. ಹೊಸ ಕಿರಂಗೂರಿನಲ್ಲಿ ಅಷ್ಟೊಂದು ಬಡಗಿಗಳು, ಕಲ್ಲುಕುಟಿಗರು. ಅವರಿಗೆ ತಿಂಗಳಿಗೊಂದು ದಿನ ಬಿಡುವು ಬೇಡವೇ ಎಂದು, ನಾನು ಹಿಂದಿನ ದಿನವೇ ಗಣಿಗಳನ್ನೆಲ್ಲ ನಿಲ್ಲಿಸಿ, ಕಾವಲಿನವರನ್ನೂ ಮನೆಗೆ ಕಳಿಸಿ, ಫೋನಿಗೂ ಒಂದು ಬೊಟ್ಟು ಕುಂಕುಮ ಇಟ್ಟು ದೇವರ ಗೂಡಿನಲ್ಲಿ ಇಟ್ಟುಬಿಡುತ್ತಿದ್ದೆ. ಎರಡು ಅಮಾವಾಸ್ಯೆ ಏನೂ ಆಗಲಿಲ್ಲ. ತಿಂಗಳಿಗೊಮ್ಮೆ ಬಾಗಿಲು ತೆರೆದಿಟ್ಟು ಮಲಗುವ ಊರು ಒಂದಿದೆ ಎಂದು ಪಕ್ಕದ ದ್ವೀಪದವನು ಗುರುತು ಹಾಕಿಕೊಂಡಿದ್ದಾನೆ. ಮೂರನೆಯದು ಜನವರಿ ಹದಿನೆಂಟು, ಭಾನುವಾರ. ನೀನು ಅಜ್ಜಿಯ ಫೋನಿಗೆ ಮಾಡಿ ಊರು ಹೇಗಿದೆ ತಾತ ಎಂದೆ, ನಾನು ಚೆನ್ನಾಗಿದೆ ಎಂದೆ. ನಾನು ಹಾಗೆ ಹೇಳುತ್ತಿದ್ದ ಹೊತ್ತಿಗೆ ಅವನ ಹಡಗುಗಳು ನಮ್ಮ ಉಗ್ರಾಣದ ಮುಂದೆ ನಿಂತು ತುಂಬಿಕೊಳ್ಳುತ್ತಿದ್ದವು.

ಮರುದಿನ ಬೆಳಿಗ್ಗೆ ಕುಂಕುಮ ಒರೆಸಿ ನೋಡಿದರೆ ಮರ ಇಲ್ಲ, ಕಲ್ಲು ಇಲ್ಲ, ಉಗ್ರಾಣ ಗುಡಿಸಿಟ್ಟಂತಿದೆ. ನನಗೆ ಅಳು ಬಂತು ಹರ್ಷಿತಾ, ಸುಳ್ಳು ಹೇಳುವುದಿಲ್ಲ. ನೀನು ನಂಬಿ ಕೊಟ್ಟುಹೋದ ಒಂದೇ ಒಂದು ವಸ್ತು. ಹಗೇವು ಮಾತ್ರ ಅವನ ಕಣ್ಣಿಗೆ ಬಿದ್ದಿರಲಿಲ್ಲ, ಬೆಳ್ಳಿ ಪೂರ್ತಿ ಉಳಿದಿತ್ತು. ಆದರೆ ಬರೀ ಬೆಳ್ಳಿಯಿಂದ ಬೇಲಿ ಕಟ್ಟಲಾಗದು, ಮರ ಬೇಕು. ಮಧ್ಯಾಹ್ನ ಊಟಕ್ಕೆ ಕೂತಾಗ ನಿಮ್ಮಜ್ಜಿಯ ಹತ್ತಿರ ಎಲ್ಲ ಹೇಳಿಕೊಂಡೆ. ಮಗು ಬರುವುದರೊಳಗೆ ಊರೇ ಇರುವುದಿಲ್ಲವೇನೋ ಎಂದೆ. ನಿಮ್ಮಪ್ಪ ಪಕ್ಕದಲ್ಲೇ ತಲೆತಗ್ಗಿಸಿ ಮುದ್ದೆ ಮುರಿಯುತ್ತಿದ್ದ. ಉಂಡು ಕೈತೊಳೆದು ಎದ್ದುಹೋದ. ಎಂಥ ಕಲ್ಲು ಮನಸ್ಸು ಎಂದು ಅವತ್ತು ನಾನು ಮನಸ್ಸಿನಲ್ಲೇ ಬೈದುಕೊಂಡೆ.

ಅದಾಗಿ ನಾಲ್ಕನೆಯ ದಿನ ಬೆಳಿಗ್ಗೆ ಯಾರೋ ನಮ್ಮ ಊರಿಗೆ ಒಂದು ಹಡಗು ಮರ ಕಳಿಸಿದರು. ಹೆಸರು ಬರೀ ಅಕ್ಷರ, ಅಂಕಿ, ಲಾರಿಯ ನಂಬರಿನ ಹಾಗೆ. ಹೊಸದಾಗಿ ಆಟಕ್ಕೆ ಸೇರಿದವನು, ಅವನದೇ ಊರಿನಲ್ಲಿ ಮರ ಕಡಿಯುವ ಬಿಡಾರ, ಒಂದು ಪುಟ್ಟ ಕಲ್ಲುಗಣಿ ಬಿಟ್ಟರೆ ನೆಟ್ಟಗೆ ಒಂದು ದೇವಸ್ಥಾನವೂ ಇಲ್ಲ. ಯಾರಪ್ಪಾ ನೀನು ಎಂದು ಹಫೀಜ್ ಕೈಲಿ ಬರೆಸಿ ಕೇಳಿದೆ, ಉತ್ತರ ಬರಲಿಲ್ಲ. ಮರುದಿನ ಬೆಳಿಗ್ಗೆ ಮತ್ತೆ ಒಂದು ಹಡಗು. ಅದರ ಮರುದಿನ ಮತ್ತೆ. ದಿನಾ ಆರೂವರೆಗೆ, ಹಾಲಿನವನ ಹಾಗೆ. ನಿಮ್ಮಜ್ಜಿಗೆ ಹೇಳಿದರೆ ಅವಳ ಚಿಂತೆಯೇ ಬೇರೆ. ಯಾರ ಮನೆಯಿಂದಲಾದರೂ ಪಾತ್ರೆ ಬಂದರೆ ಅವಳು ಎಂದಾದರೂ ಖಾಲಿ ಪಾತ್ರೆ ವಾಪಸ್ ಕಳಿಸಿದ್ದಾಳೆಯೇ? ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತಾಳೆ. “ಪಾಪ, ಅವ್ರ ಅಡಗು ಬರಿದಾಗಿ ವೋಗ್ಬಾರ್ದು ಕಣ್ರೀ, ಏನಾರ ಆಕಿ ಕಳ್ಸಿ” ಎಂದು ಹಟ ಹಿಡಿದಳು. ಹಗೇವಿನಿಂದ ಒಂದಿಷ್ಟು ಬೆಳ್ಳಿ ತೆಗೆದು ಕಳಿಸಿದೆ. ಅಂದಿನಿಂದ ಅದೇ ಪದ್ಧತಿ, ಅವನಿಂದ ಮರ, ನಮ್ಮಿಂದ ಬೆಳ್ಳಿ. ಆ ಮರದಿಂದ ಬೇಲಿ ಎದ್ದಿತು, ಕಾವಲುಗೋಪುರ ಎದ್ದಿತು, ಪಕ್ಕದ ದ್ವೀಪದವನು ಇನ್ನೆರಡು ಸಲ ಬಂದು ಬೇಲಿಗೆ ತಲೆ ಹೊಡೆದುಕೊಂಡು ಹೋದ. ಆದ್ದರಿಂದ ನಿನ್ನ ಊರು ಇದೆ. ನೀನು ಬಿಟ್ಟುಹೋದದ್ದಕ್ಕಿಂತ ಗಟ್ಟಿಯಾಗಿದೆ. ಸಿಂಹವೂ ಇದೆ.

ನಿನ್ನೆ ಮತ್ತೆ ಅಮಾವಾಸ್ಯೆ. ಈ ಸಲ ನಾನು ಬುದ್ಧಿವಂತಿಕೆ ಮಾಡಿದೆ. ನಾನು ಮುಟ್ಟಬಾರದು ಸರಿ, ನಿಮ್ಮಜ್ಜಿ ಜೀವನದಲ್ಲಿ ಉಳಿ ಹಿಡಿದವಳಲ್ಲವಲ್ಲ. ಫೋನು ಅವಳ ಕೈಗೆ ಕೊಟ್ಟು, ಕಾವಲಿನವರನ್ನು ನಿಲ್ಲಿಸುವುದು ಹೇಗೆ ಎಂದು ದೂರದಿಂದಲೇ ಬೆರಳು ತೋರಿಸಿದೆ. ಬೆಳಿಗ್ಗೆಯಿಂದ ಅವಳು ಕನ್ನಡಕ ಹಾಕಿಕೊಂಡು ಸಮುದ್ರವನ್ನೇ ನೋಡಿದಳು. ಆರೂವರೆ ಆಯಿತು, ಎಂಟಾಯಿತು, ಹತ್ತಾಯಿತು. “ಇವತ್ತು ಮರ ಬರ್ನಿಲ್ವಲ್ರೀ” ಎಂದಳು. ಸಂಜೆಯವರೆಗೂ ಬರಲಿಲ್ಲ. ಇಪ್ಪತ್ತಾರು ದಿನ ಒಂದು ದಿನವೂ ತಪ್ಪದ ಹಡಗು ಅದು. ಇವತ್ತು ಬೆಳಿಗ್ಗೆ ಆರೂವರೆಗೆ ಸರಿಯಾಗಿ ಬಂದು ನಿಂತಿತ್ತು. ಆಗ ನೆನಪಾಯಿತು, ಮೊನ್ನೆ ಸೋಮವಾರ, ಅಂದರೆ ಅಮಾವಾಸ್ಯೆಯ ಹಿಂದಿನ ದಿನ, ಅವನು ಒಂದರ ಬದಲು ಎರಡು ಹಡಗು ಕಳಿಸಿದ್ದ. ಅಮಾವಾಸ್ಯೆಯ ದಿನ ಕೆಲಸ ಇಲ್ಲವೆಂದು ಹಿಂದಿನ ದಿನವೇ ಎರಡು ದಿನದ ಕೆಲಸ ಮುಗಿಸುವುದು ಯಾರ ಅಭ್ಯಾಸ? ಆ ಆಟದಲ್ಲಿ ಎಲ್ಲೆಲ್ಲಿಯ ದೇಶದವರೋ ಇದ್ದಾರಂತೆ, ಅವರಿಗೆ ನಮ್ಮ ಅಮಾವಾಸ್ಯೆ ಏನು ಗೊತ್ತು? ಹಲ್ಲುಜ್ಜುತ್ತಾ ನಿಂತವನು ಹಾಗೇ ನಿಂತುಬಿಟ್ಟೆ.

ಅನುಮಾನವನ್ನು ಅನುಮಾನವಾಗಿಯೇ ಬರೆಯುತ್ತೇನೆ, ಮಗು. ಮರ ಕಳಿಸುತ್ತಿರುವವನು ನಿಮ್ಮಪ್ಪ ಶಂಕರ ಎಂದು ನನಗೆ ಅನ್ನಿಸುತ್ತಿದೆ. ಕೇಳಿದರೆ ಒಪ್ಪುವ ಪೈಕಿ ಅಲ್ಲ, ಕೇಳಿದ ದಿನದಿಂದ ಹಡಗೂ ನಿಂತುಹೋಗುತ್ತದೆ. ಅಳತೆ ಹಾಕದೆ ಮರ ಕೊಯ್ಯುವವನು ನಾನಲ್ಲ. ಅದಕ್ಕೆ ಇವತ್ತು ಮಧ್ಯಾಹ್ನ, ಈಗೊಂದು ಗಂಟೆಯ ಕೆಳಗೆ, ಊಟಕ್ಕೆ ಕೂತಾಗ ನಿಮ್ಮಜ್ಜಿಗೆ ಹೇಳುವವನ ಹಾಗೆ ಸ್ವಲ್ಪ ಜೋರಾಗಿಯೇ ಹೇಳಿದೆ. “ನೋಡು ಚಲುವಿ, ಹರ್ಷಿತನ ಊರಿಗೆ ಇನ್ನು ಮರ ಸಾಕು. ಕಲ್ಲು ಇಲ್ದೆ ಕೆಲ್ಸ ನಿಂತದೆ. ಯಾರಾರ ಕಲ್ಲು ಕಳ್ಸಿದ್ರೆ ಆಯ್ತಿತ್ತು.” ನಿಮ್ಮಪ್ಪ ಸಾರಿನ ಬಟ್ಟಲಿನಿಂದ ಕಣ್ಣೆತ್ತಲಿಲ್ಲ. “ಅವ್ವ, ಇನ್ನೊಂದ್ ಅರ್ಧ ಮುದ್ದೆ ಆಕು” ಎಂದ, ಅಷ್ಟೇ. ಅವನು ಎರಡನೇ ಸಲ ಮುದ್ದೆ ಕೇಳಿದ್ದು ನೀನು ಹೋದ ಮೇಲೆ ಇದೇ ಮೊದಲು. ನಾಳೆ ಬೆಳಿಗ್ಗೆ ನೋಡೋಣ.

ಕಲ್ಲು ಬರಲಿ, ಬಿಡಲಿ, ನಿನಗೆ ನನ್ನ ಮಾತು ಇಷ್ಟೇ. ಸೋಮವಾರ ಏನೂ ಬರೆದುಕೊಡಬೇಡ. ನೀನು ಬಿಟ್ಟುಬಂದರೆ ಅವನು ಮಾತಾಡುತ್ತಾನೆ ಎಂದು ನಿನಗೆ ಯಾರು ಹೇಳಿದರು? ನೀನು ಪೊಲೀಸ್ ಆದದ್ದಕ್ಕೆ ಅಲ್ಲ ಅವನ ಕೋಪ, ಅವನಿಗೆ ಹೇಳದೇ ಇದ್ದದ್ದಕ್ಕೆ. ಈಗ ಅವನನ್ನು ಕೇಳದೇ ಬಿಟ್ಟುಬಂದರೆ ಅದೇ ತಪ್ಪು ಎರಡನೇ ಸಲ ಮಾಡಿದ ಹಾಗೆ. ನಾಲ್ಕು ತಿಂಗಳು ಓಡಿದ್ದೀಯ, ಬೊಬ್ಬೆ ಬಂದ ಕಾಲಲ್ಲೇ ಓಡಿದ್ದೀಯ. ನನ್ನ ಮೊಮ್ಮಗಳು ಖಾಕಿ ಹಾಕಿಕೊಂಡು ಕಿರಂಗೂರು ಸರ್ಕಲ್ಲಿನಲ್ಲಿ ಬಸ್ಸಿಳಿಯುವುದನ್ನು ನಾನು ನೋಡಿಯೇ ನೋಡುತ್ತೇನೆ, ಅವತ್ತು ನಿಮ್ಮಪ್ಪನೂ ನನ್ನ ಪಕ್ಕದಲ್ಲಿ ನಿಂತಿರುತ್ತಾನೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಅಜ್ಜಿಯ ಮುತ್ತುಗಳು, ಅಮ್ಮನ ನೆನಪುಗಳು. ಹಫೀಜ್ ನಿನಗೆ ಸಲಾಂ ಹೇಳಿದ್ದಾನೆ, ಹಗೇವಿಗೆ ನಕ್ಕದ್ದಕ್ಕೆ ಕ್ಷಮೆಯನ್ನೂ ಕೇಳಿದ್ದಾನೆ. ನಿನ್ನ ಕಾಲು ಗಟ್ಟಿಯಾಗಿರಲಿ, ಹೊಟ್ಟೆ ತಣ್ಣಗಿರಲಿ, ನಮ್ಮ ವಿಶ್ವಕರ್ಮ ನಿನ್ನನ್ನು ಕಾಯಲಿ.

ಇಂತಿ ನಿನ್ನ ತಾತ,
ನಾಗರಾಜಾಚಾರಿ

ತಾ.ಕ.: ಗುರುವಾರ, ಬೆಳಿಗ್ಗೆ ಏಳು ಗಂಟೆ. ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ಆರೂವರೆಗೆ ಹಡಗು ಬಂತು. ಮರ ಇಲ್ಲ, ಪೂರ್ತಿ ಕಲ್ಲು. ನಿಮ್ಮಮ್ಮನಿಗೆ ತೋರಿಸಿದರೆ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಇನ್ನೊಂದು ವಿಷಯ ಹೇಳಿದಳು. ಪ್ರತಿ ಭಾನುವಾರ ನಿನ್ನ ಫೋನಿನ ಹೊತ್ತಿಗೆ, ಹತ್ತರಿಂದ ಹತ್ತೂವರೆವರೆಗೆ, ಅವನು ಗರಗಸದ ಮೆಷಿನು ನಿಲ್ಲಿಸಿ ಫೋನನ್ನು ಮುಂದಿಟ್ಟುಕೊಂಡು ಕೂರುತ್ತಾನಂತೆ. ಮೂರು ಸಲ ಎತ್ತದೇ ಬಿಟ್ಟವನು ಈಗ ನಾಲ್ಕನೆಯದಕ್ಕೆ ಕಾಯುತ್ತಿದ್ದಾನೆ, ನೀನು ಮಾಡುವುದನ್ನೇ ಬಿಟ್ಟೆ. ಈ ಭಾನುವಾರ ಅಜ್ಜಿಗೆ ಮಾಡಬೇಡ, ಅವಳ ಅಳು ಮುಂದಿನ ವಾರಕ್ಕಿರಲಿ. ನಿಮ್ಮಪ್ಪನಿಗೆ ಮಾಡು. ಕ್ಷಮೆ ಕೇಳಬೇಡ, ಅಳಬೇಡ, ಟ್ರೈನಿಂಗ್ ವಿಷಯ ಎತ್ತಬೇಡ. ಅವನು ಹಲೋ ಎನ್ನುವುದೂ ಇಲ್ಲ, ಸುಮ್ಮನೆ ಕೂತಿರುತ್ತಾನೆ. ನೀನು “ಕಲ್ಲು ಬಂತು ಅಪ್ಪ” ಎಂದಷ್ಟೇ ಹೇಳು.